ಊರಿಗೆ ಮುತ್ತಿಗೆ ಹಾಕಬಹುದು, ಜನರ ಅನ್ನ ನಿಲ್ಲಿಸಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದೇನೆ. ಮುತ್ತಿಗೆಗೆ ಸಿಕ್ಕ ಊರುಗಳ ಸುದ್ದಿ ಟಿವಿಯಲ್ಲಿ ನೋಡುತ್ತಲೇ ಇರುತ್ತೇನೆ. ಒಳಗೆ ನೀರಿಲ್ಲ, ಹಿಟ್ಟಿಲ್ಲ, ಮಕ್ಕಳಿಗೆ ಹಾಲಿಲ್ಲ. ಯುದ್ಧದಲ್ಲಿ ನಾಗರಿಕರನ್ನು ಕಾಪಾಡಲು ಜಿನೀವಾ ಒಪ್ಪಂದ ಇದೆ ಎಂದು ನಮ್ಮ ಮೇಷ್ಟ್ರು ಪಾಠ ಮಾಡಿದರು. ಹಾಗಿದ್ದರೆ ಮುತ್ತಿಗೆ ಹಾಕುವುದೇ ಅಪರಾಧ ಅಲ್ವಾ? ಊರೊಳಗೆ ಶತ್ರು ಸೈನಿಕರು ಇದ್ದರೆ ಅವರಿಗೆ ಅನ್ನ ಸಿಗದ ಹಾಗೆ ಮಾಡುವುದು ತಪ್ಪಾ? ಯಾರೂ ಪಾಲಿಸದ ಕಾನೂನು ಇದ್ದು ಏನು ಪ್ರಯೋಜನ? ಭಾರತ ಇದಕ್ಕೆಲ್ಲ ಒಪ್ಪಿದೆಯಾ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಬರೀ ಮುತ್ತಿಗೆ ಹಾಕುವುದು ಇವತ್ತಿಗೂ ಅಪರಾಧ ಅಲ್ಲ. ಊರೊಳಗೆ ಶತ್ರು ಸೇನೆ ಇದ್ದರೆ ಅದನ್ನು ಸುತ್ತುವರಿಯಬಹುದು. ಅದಕ್ಕೆ ಬರುವ ಮದ್ದುಗುಂಡು ತಡೆಯಬಹುದು. ಸೈನಿಕರಿಗೆಂದೇ ಹೋಗುವ ಪಡಿತರವನ್ನೂ ತಡೆಯಬಹುದು. ಆದರೆ ಊರಿನ ಜನರನ್ನು ಉಪವಾಸ ಕೆಡವಿ, ಆ ಹಸಿವಿನಿಂದಲೇ ಯುದ್ಧ ಗೆಲ್ಲಲು ಹೊರಟರೆ ಅದು ಯುದ್ಧಾಪರಾಧ.

ಈ ಎರಡರ ನಡುವಿನ ಗೆರೆ ತೆಳ್ಳಗಿದೆ. ಅದನ್ನು ಕಾಗದದ ಮೇಲೆ ಎಳೆಯಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅದಕ್ಕೆ ಬೆಲೆ ತೆತ್ತದ್ದು ಒಂದೊಂದು ಊರು. ಹಾಗಾಗಿ ಊರುಗಳ ಹೆಸರು ಹಿಡಿದೇ ನಿಮಗೆ ಹೇಳುತ್ತೇನೆ.

ಮುತ್ತಿಗೆ ನಮಗೆ ಗೊತ್ತಿಲ್ಲದ್ದೇನಲ್ಲ. ಚಿತ್ರದುರ್ಗದ ಕೋಟೆಯ ಕಥೆ ಕೇಳುತ್ತಲೇ ಬೆಳೆದವರು ನಾವು. ಶ್ರೀರಂಗಪಟ್ಟಣದ ಕಡೆ ನೋಡಿ. 1792ರಲ್ಲಿ ಸಂಧಿಯಾದಾಗ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆ ಇರಿಸಿಕೊಂಡ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಸೈನಿಕರು ಊರನ್ನು ಲೂಟಿ ಮಾಡಿದರು. ಆ ಕಾಲಕ್ಕೆ ಒತ್ತೆ ಇರಿಸಿಕೊಳ್ಳುವುದು ರೂಢಿ. ಶರಣಾಗದ ಕೋಟೆಯನ್ನು ನುಗ್ಗಿ ಗೆದ್ದ ಮೇಲೆ ಲೂಟಿ ಮಾಡುವುದೂ ರೂಢಿ. 1949ರ ನಾಲ್ಕನೇ ಜಿನೀವಾ ಒಪ್ಪಂದ ಈ ಎರಡನ್ನೂ ಚುಟುಕಾಗಿ ಮುಗಿಸಿತು. 33ನೇ ವಿಧಿಯಲ್ಲಿ ಲೂಟಿ ನಿಷಿದ್ಧ, 34ನೇ ವಿಧಿಯಲ್ಲಿ ಒತ್ತೆಯಾಳು ಹಿಡಿಯುವುದು ನಿಷಿದ್ಧ.

ಹಸಿವಿನ ವಿಷಯ ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ಲಿಂಕನ್ ಸರ್ಕಾರ ತನ್ನ ಸೇನೆಗೆ ಒಂದು ನಿಯಮಾವಳಿ ಹೊರಡಿಸಿತು. ಬರೆದವರು ಫ್ರಾನ್ಸಿಸ್ ಲೀಬರ್ ಎಂಬ ಪ್ರಾಧ್ಯಾಪಕರು. ಯುದ್ಧದ ಕ್ರೌರ್ಯ ಕಡಿಮೆ ಮಾಡಬೇಕು ಎಂದೇ ಬರೆದದ್ದು. ನಂತರದ ಒಪ್ಪಂದಗಳಿಗೆ ಅದು ತಾಯಿಬೇರಿನ ಹಾಗೆ. ಅಂಥ ನಿಯಮಾವಳಿಯ 17ನೇ ನಿಯಮವೇ ಶತ್ರುವನ್ನು, ಅವನ ಕೈಯಲ್ಲಿ ಆಯುಧ ಇರಲಿ ಇಲ್ಲದಿರಲಿ, ಉಪವಾಸ ಕೆಡವುವುದು ಕಾನೂನುಬದ್ಧ ಎನ್ನುತ್ತದೆ. 18ನೇ ನಿಯಮ ಇನ್ನೂ ಕಠಿಣ. ಕೋಟೆಯೊಳಗಿನ ದಂಡನಾಯಕ ಉಣ್ಣುವ ಬಾಯಿ ಕಡಿಮೆಯಾಗಲಿ ಎಂದು ಸಾಮಾನ್ಯ ಜನರನ್ನು ಹೊರಗೆ ಕಳಿಸಿದರೆ, ಮುತ್ತಿಗೆ ಹಾಕಿದವನು ಅವರನ್ನು ವಾಪಸ್ ಒಳಗೇ ಅಟ್ಟಬಹುದು. ಊರು ಬೇಗ ಶರಣಾಗಲಿ ಎಂಬುದೇ ಲೆಕ್ಕ. ಆ ಜನ ಎರಡು ಸೇನೆಗಳ ನಡುವಿನ ಬಯಲಿನಲ್ಲಿ ನಿಂತಿರುತ್ತಾರೆ. ಈ ಕಡೆಯೂ ಬಾಗಿಲು ಹಾಕಿದೆ, ಆ ಕಡೆಯೂ ಹಾಕಿದೆ. ಕಾನೂನಿಗೆ ಅವರ ಬಗ್ಗೆ ಹೇಳಲು ಏನೂ ಇರಲಿಲ್ಲ.

ಈ ಹಳೆಯ ನಿಯಮ ಪುಸ್ತಕದಲ್ಲಿ ಸುಮ್ನೆ ಬಿದ್ದಿರಲಿಲ್ಲ. 1941ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಸುತ್ತುವರಿಯಿತು. ಮುತ್ತಿಗೆ 872 ದಿನ ನಡೆಯಿತು. ಆ ವರ್ಷದ ನವೆಂಬರ್ ಕೊನೆಗೆ ಮಕ್ಕಳಿಗೆ ಮತ್ತು ಕೆಲಸಕ್ಕೆ ಹೋಗದವರಿಗೆ ಸಿಗುತ್ತಿದ್ದ ಬ್ರೆಡ್ ದಿನಕ್ಕೆ 125 ಗ್ರಾಂ. ಅದೂ ಶುದ್ಧ ಹಿಟ್ಟಿನದಲ್ಲ. ಸತ್ತ ನಾಗರಿಕರು ಎಂಟು ಲಕ್ಷಕ್ಕೂ ಜಾಸ್ತಿ. ಬಹುಪಾಲು ಹಸಿವಿನಿಂದಲೇ ಹೋದವರು. ನಗರ ಬಿಟ್ಟು ಹೊರಗೆ ಬರಲು ನೋಡುವ ಜನರ ಮೇಲೆ ಫಿರಂಗಿ ಹಾರಿಸಿ ಹಿಂದಕ್ಕೆ ಅಟ್ಟಬೇಕು ಎಂಬ ಆದೇಶವೂ ಇತ್ತು.

ಯುದ್ಧ ಮುಗಿಯಿತು. ಆ ಸೇನೆಯ ಮುಖ್ಯಸ್ಥನಾಗಿದ್ದ ಫೀಲ್ಡ್ ಮಾರ್ಷಲ್ ಫಾನ್ ಲೀಬ್‌ನನ್ನು ನ್ಯೂರೆಂಬರ್ಗ್‌ನಲ್ಲಿ ಅಮೆರಿಕದ ನ್ಯಾಯಮಂಡಳಿ ವಿಚಾರಣೆ ಮಾಡಿತು. 1948ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಮುತ್ತಿಗೆಯ ಆರೋಪದಲ್ಲಿ ಅವನು ಖುಲಾಸೆ. ಕಾನೂನು ಬೇರೆ ಥರ ಇದ್ದಿದ್ದರೆ ಎಂದು ನಮಗೂ ಅನಿಸಬಹುದು, ಆದರೆ ಇರುವ ಕಾನೂನಿನಂತೆಯೇ ನಾವು ತೀರ್ಪು ಕೊಡಬೇಕು ಎಂದು ನ್ಯಾಯಾಧೀಶರು ಬರೆದರು. ಬೇರೊಂದು ಆರೋಪದಲ್ಲಿ ಅವನಿಗೆ ಮೂರು ವರ್ಷ ಶಿಕ್ಷೆ ಆಯಿತು, ಅಷ್ಟೇ.

ನಾನು ಈ ವಿಷಯ ಪಾಠ ಮಾಡುವಾಗ ಪ್ರತಿ ವರ್ಷ ಈ ತೀರ್ಪಿನಿಂದಲೇ ಶುರು ಮಾಡುತ್ತೇನೆ. "ಯಾರೂ ಪಾಲಿಸದ ಕಾನೂನು ಯಾಕೆ" ಎಂದು ಕೇಳುವವರು ಒಮ್ಮೆ ಲೆನಿನ್‌ಗ್ರಾಡ್ ಕಡೆ ತಿರುಗಿ ನೋಡಬೇಕು. ಅಲ್ಲಿ ಮುರಿಯಲು ಕಾನೂನೇ ಇರಲಿಲ್ಲ. ಎಂಟು ಲಕ್ಷ ಜನ ಸತ್ತ ಮೇಲೂ ನ್ಯಾಯಾಧೀಶರು ಕೈಚೆಲ್ಲಿದರು.

ಅಲ್ಲಿಯವರೆಗೆ ನಾಗರಿಕರಿಗಾಗಿ ಯಾರೂ ಯೋಚಿಸಿರಲಿಲ್ಲವಾ? ಯೋಚಿಸಿದ್ದರು. 1864ರ ಮೊದಲ ಜಿನೀವಾ ಒಪ್ಪಂದ ಗಾಯಗೊಂಡ ಸೈನಿಕರದ್ದು. 1929ರದ್ದು ಯುದ್ಧಕೈದಿಗಳದ್ದು. ನಾಗರಿಕರ ರಕ್ಷಣೆಗೆ ರೆಡ್ ಕ್ರಾಸ್ ಒಂದು ಕರಡು ಮಾಡಿ 1934ರಲ್ಲಿ ಟೋಕಿಯೋ ಸಮ್ಮೇಳನದಲ್ಲಿ ಇಟ್ಟಿತು. ಅದನ್ನು ಒಪ್ಪಂದ ಮಾಡಲು ಸರ್ಕಾರಗಳು 1940ರಲ್ಲಿ ಸೇರಬೇಕಿತ್ತು. ಅಷ್ಟರಲ್ಲಿ ಯುದ್ಧವೇ ಬಂದುಬಿಟ್ಟಿತು. ಆ ಕರಡನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಕೊನೆಗೆ 1949ರ ಆಗಸ್ಟ್ 12ರಂದು ನಾಲ್ಕು ಜಿನೀವಾ ಒಪ್ಪಂದಗಳು ಬಂದವು. ನಾಲ್ಕನೆಯದು ಪೂರ್ತಿ ನಾಗರಿಕರಿಗಾಗಿ, 159 ವಿಧಿಗಳು. ಇವತ್ತು ಜಗತ್ತಿನ ಎಲ್ಲ ದೇಶಗಳೂ ಇದಕ್ಕೆ ಒಪ್ಪಿವೆ. ನಿಮ್ಮ ಮೇಷ್ಟ್ರು ಹೇಳಿದ್ದು ಇದನ್ನೇ ಇರಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತುಂಬ ಜನ ಇದನ್ನು ತಪ್ಪಾಗಿ ತಿಳಿದಿದ್ದಾರೆ. ನಾಲ್ಕನೇ ಒಪ್ಪಂದದ ಬಹುಪಾಲು ಶತ್ರುವಿನ ಕೈಗೆ ಸಿಕ್ಕ ನಾಗರಿಕರ ಬಗ್ಗೆ. ಅಂದರೆ ಆಕ್ರಮಿತ ಪ್ರದೇಶದಲ್ಲಿ ಇರುವವರು, ಶಿಬಿರಗಳಲ್ಲಿ ಬಂಧಿಯಾದವರು. ಬಾಂಬು ಬೀಳುತ್ತಿರುವ ಊರಿನ ಜನರ ಬಗ್ಗೆ ಅದು ಹೇಳುವುದು ಕಡಿಮೆ. ಆಸ್ಪತ್ರೆಗೆ 18ನೇ ವಿಧಿಯ ರಕ್ಷಣೆ ಇದೆ. ಮುತ್ತಿಗೆಯ ಬಗ್ಗೆ 17ನೇ ವಿಧಿ ಇದೆ. ಕಾಯಿಲೆಯವರು, ಮುದುಕರು, ಮಕ್ಕಳು, ಬಾಣಂತಿಯರನ್ನು ಹೊರಗೆ ಕಳಿಸಲು ಎರಡೂ ಕಡೆಯವರು ಒಪ್ಪಂದ ಮಾಡಿಕೊಳ್ಳಲು "ಪ್ರಯತ್ನ ಮಾಡಬೇಕು" ಎಂದಷ್ಟೇ ಅದು ಹೇಳುತ್ತದೆ. ಮಾಡಲೇಬೇಕು ಎಂದಿಲ್ಲ. 23ನೇ ವಿಧಿ ಔಷಧಿಗೆ ದಾರಿ ಬಿಡಿ ಎನ್ನುತ್ತದೆ. ಆಹಾರಕ್ಕೆ ದಾರಿ ಬಿಡಬೇಕಾದದ್ದು 15 ವರ್ಷದೊಳಗಿನ ಮಕ್ಕಳು, ಬಸುರಿಯರು, ಬಾಣಂತಿಯರಿಗೆ ಮಾತ್ರ. ಅದಕ್ಕೂ ಷರತ್ತುಗಳಿವೆ. ಹದಿನಾರು ವರ್ಷದ ಹುಡುಗಿಗೆ? ಎಪ್ಪತ್ತರ ಅಜ್ಜನಿಗೆ? 1949ರ ಕಾಗದದಲ್ಲಿ ಅವರ ಪಾಲಿಗೆ ರೊಟ್ಟಿ ಇಲ್ಲ.

ಆ ಅರ್ಧ ಕೆಲಸ ಪೂರ್ತಿಯಾಗಲು ಇನ್ನೂ 28 ವರ್ಷ ಬೇಕಾಯಿತು. ನಡುವೆ 1967ರಿಂದ 1970ರವರೆಗೆ ನೈಜೀರಿಯಾದಲ್ಲಿ ಬಯಾಫ್ರಾ ಯುದ್ಧ ನಡೆಯಿತು. ಸುತ್ತ ದಿಗ್ಬಂಧನ, ಒಳಗೆ ಹಸಿವು. ಹೊಟ್ಟೆ ಊದಿದ ಮಕ್ಕಳ ಫೋಟೋಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. 1974ರಿಂದ 1977ರವರೆಗೆ ಜಿನೀವಾದಲ್ಲಿ ಮತ್ತೆ ಸಮ್ಮೇಳನ ನಡೆಯಿತು. 1977ರ ಜೂನ್ 8ರಂದು ಎರಡು ಹೆಚ್ಚುವರಿ ಪ್ರೋಟೋಕಾಲ್‌ಗಳು, ಅಂದರೆ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಪೂರಕ ಒಪ್ಪಂದಗಳು, ಬಂದವು. ಮೊದಲನೆಯದು ದೇಶ ದೇಶಗಳ ನಡುವಿನ ಯುದ್ಧಕ್ಕೆ, ಎರಡನೆಯದು ಒಳಯುದ್ಧಕ್ಕೆ.

ಮೊದಲ ಪ್ರೋಟೋಕಾಲ್‌ನ 54ನೇ ವಿಧಿಯ ಮೊದಲ ಸಾಲು ಹೀಗಿದೆ: ನಾಗರಿಕರನ್ನು ಉಪವಾಸ ಕೆಡವುವುದನ್ನು ಯುದ್ಧದ ವಿಧಾನವಾಗಿ ಬಳಸುವುದು ನಿಷಿದ್ಧ. ಇಷ್ಟೇ. ಲೀಬರ್‌ನ 17ನೇ ನಿಯಮಕ್ಕೆ 114 ವರ್ಷದ ಮೇಲೆ ಬಂದ ಉತ್ತರ ಇದು. ಮುಂದಿನ ಸಾಲು ನಮ್ಮ ರೈತರಿಗೂ ಅರ್ಥ ಆಗುವಂಥದ್ದು. ಆಹಾರ ಧಾನ್ಯ, ಬೆಳೆ ಬೆಳೆಯುವ ಜಮೀನು, ನಿಂತ ಬೆಳೆ, ದನಕರು, ಕುಡಿಯುವ ನೀರಿನ ವ್ಯವಸ್ಥೆ, ನೀರಾವರಿ ಕಾಲುವೆ, ಇವುಗಳನ್ನು ಜನರಿಗೆ ದಕ್ಕದ ಹಾಗೆ ಮಾಡಲು ನಾಶ ಮಾಡಬಾರದು. ಎರಡನೇ ಪ್ರೋಟೋಕಾಲ್‌ನ 14ನೇ ವಿಧಿ ಇದನ್ನೇ ಒಳಯುದ್ಧಕ್ಕೂ ಹೇಳುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಒಳಗೆ ಸೈನಿಕರೂ ಇದ್ದಾರೆ, ಜನರೂ ಇದ್ದಾರೆ. ಒಂದೇ ಗೋದಾಮು, ಒಂದೇ ಬಾವಿ. ಆಗ? ಸೈನಿಕರಿಗೆ ಮಾತ್ರ ಎಂದು ಇಟ್ಟ ಆಹಾರಕ್ಕೆ 54ನೇ ವಿಧಿಯ ರಕ್ಷಣೆ ಇಲ್ಲ. ಬೇರೆ ಯಾವುದೇ ಸಂದರ್ಭದಲ್ಲಿ ಒಂದು ಮಿತಿ ಇದೆ. ಜನರಿಗೆ ಹಸಿವಿನಿಂದ ಸಾಯುವಷ್ಟು, ಅಥವಾ ಊರು ಬಿಟ್ಟು ಓಡಬೇಕಾಗುವಷ್ಟು ಆಹಾರ ನೀರಿನ ಕೊರತೆ ಆಗುತ್ತದೆ ಎಂದು ಗೊತ್ತಿದ್ದರೆ ಆ ಕೆಲಸ ಮಾಡುವ ಹಾಗಿಲ್ಲ. "ಬಾವಿಯಿಂದ ಸೈನಿಕರೂ ಕುಡಿಯುತ್ತಾರೆ" ಎನ್ನುವುದು ಬಾವಿ ಒಡೆಯಲು ಕಾರಣ ಆಗುವುದಿಲ್ಲ.

ಹೊರಗಿನಿಂದ ಬರುವ ಲಾರಿಗಳನ್ನು ಮುತ್ತಿಗೆ ಹಾಕಿದವರು ತಪಾಸಣೆ ಮಾಡಬಹುದು. ಯಾವ ದಾರಿ, ಯಾವ ಹೊತ್ತು ಎಂದು ಗೊತ್ತು ಮಾಡಬಹುದು. ಅಕ್ಕಿ ಮೂಟೆಯಲ್ಲಿ ಬಂದೂಕು ಇದೆಯಾ ಎಂದು ನೋಡುವುದು ಅವರ ಹಕ್ಕು. ಆದರೆ ತಪಾಸಣೆಯ ಹೆಸರಲ್ಲಿ ಲಾರಿ ನಿಲ್ಲಿಸಿ ಅಕ್ಕಿ ಮುಗ್ಗಲು ಬಿಡುವುದು ಹಕ್ಕಲ್ಲ. ಇಲ್ಲಿ ಕಾನೂನಿನ ಒಂದು ದುರ್ಬಲ ಜಾಗ ಇದೆ, ಮುಚ್ಚಿಡುವುದಿಲ್ಲ. ಮೊದಲ ಪ್ರೋಟೋಕಾಲ್‌ನ 70ನೇ ವಿಧಿಯ ಪ್ರಕಾರ ನೆರವು ಒಳಗೆ ಹೋಗಲು ಸಂಬಂಧಪಟ್ಟ ಕಡೆಯವರ ಒಪ್ಪಿಗೆ ಬೇಕು. ಸರಿಯಾದ ಕಾರಣ ಇಲ್ಲದೆ ಒಪ್ಪಿಗೆ ನಿರಾಕರಿಸುವಂತಿಲ್ಲ ಎಂದು ಇವತ್ತು ಬಹುತೇಕ ತಜ್ಞರು ಒಪ್ಪುತ್ತಾರೆ. ಆದರೂ ವಿಧಿಯ ಅಕ್ಷರ ಅಷ್ಟು ಗಟ್ಟಿಯಾಗಿಲ್ಲ. ಎಷ್ಟೋ ಮುತ್ತಿಗೆಗಳಲ್ಲಿ ಲಾರಿಗಳು ನಿಂತುಬಿಡುವುದು "ಒಪ್ಪಿಗೆ" ಎಂಬ ಈ ಒಂದು ಪದದ ಮುಂದೆ.

ಇನ್ನೊಂದು ಊರಿಗೆ ಹೋಗೋಣ. ಬೋಸ್ನಿಯಾದ ರಾಜಧಾನಿ ಸರಾಯೆವೊ. ಸುತ್ತಲೂ ಬೆಟ್ಟ, ನಡುವೆ ಕಣಿವೆಯಲ್ಲಿ ಊರು. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ, 1,425 ದಿನ, ಬೋಸ್ನಿಯನ್ ಸರ್ಬ್ ಸೇನೆ ಬೆಟ್ಟದ ಮೇಲೆ ಕೂತು ಊರಿಗೆ ಮುತ್ತಿಗೆ ಹಾಕಿತ್ತು. ವಿಶ್ವಸಂಸ್ಥೆಯ ಶಾಂತಿಪಡೆ ಅಲ್ಲಿಗೆ ಬಂದಾಗ ಅದರ ಮೊದಲ ದಂಡನಾಯಕರು ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲಘು ಪದಾತಿ ದಳದವರು. ಶುರುವಿನಲ್ಲಿ ಅವರ ಮುಖ್ಯ ಕಚೇರಿ ಸರಾಯೆವೊದಲ್ಲೇ ಇತ್ತು.

ಜನ ನೀರಿನ ಸಾಲಿನಲ್ಲಿ ನಿಂತಾಗ ಶೆಲ್ ಬೀಳುತ್ತಿತ್ತು. ರಸ್ತೆ ದಾಟುವಾಗ ಅಡಗಿ ಕೂತ ಬಂದೂಕುಧಾರಿ ಗುರಿ ಇಡುತ್ತಿದ್ದ. ಹಿಮದಲ್ಲಿ ಜಾರಾಡುತ್ತಿದ್ದ ಮಕ್ಕಳ ಮೇಲೆ 1994ರ ಜನವರಿಯಲ್ಲಿ ಶೆಲ್ ಬಿತ್ತು. ಮುಂದಿನ ತಿಂಗಳು ಮಾರ್ಕಾಲೆ ಸಂತೆಯಲ್ಲಿ ಒಂದೇ ಶೆಲ್ಲಿಗೆ ಅರವತ್ತಕ್ಕೂ ಜಾಸ್ತಿ ಜನ ಸತ್ತರು. 2012ರಲ್ಲಿ, ಮುತ್ತಿಗೆ ಶುರುವಾಗಿ 20 ವರ್ಷ ಆದಾಗ, ಊರಿನ ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರು. ಸತ್ತ ಒಬ್ಬೊಬ್ಬರಿಗೆ ಒಂದೊಂದು ಖಾಲಿ ಕುರ್ಚಿ. ಅದರಲ್ಲಿ ಮಕ್ಕಳ ಪುಟ್ಟ ಕುರ್ಚಿಗಳೂ ಇದ್ದವು.

ಈ ಮುತ್ತಿಗೆಯಲ್ಲಿ ಒಂದು ಕಾಗದದ ಕಥೆ ಇದೆ. ನಿಮ್ಮ ಮೂರನೇ ಪ್ರಶ್ನೆಗೆ ಅದೇ ಉತ್ತರ. 1992ರ ಮೇ 18ರಂದು ಔಷಧಿ ತರುತ್ತಿದ್ದ ರೆಡ್ ಕ್ರಾಸ್ ವಾಹನಗಳ ಮೇಲೆ ಸರಾಯೆವೊದಲ್ಲಿ ದಾಳಿ ಆಯಿತು. ಪ್ರತಿನಿಧಿ ಫ್ರೆಡೆರಿಕ್ ಮೊರಿಸ್ ಮರುದಿನ ತೀರಿಕೊಂಡರು. ಇದಾಗಿ ಮೂರೇ ದಿನಕ್ಕೆ, ಮೇ 22ರಂದು, ಜಿನೀವಾದಲ್ಲಿ ರೆಡ್ ಕ್ರಾಸ್ ಕರೆದ ಸಭೆಯಲ್ಲಿ ಬೋಸ್ನಿಯಾದ ಎಲ್ಲ ಕಡೆಯ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಮೊದಲ ಪ್ರೋಟೋಕಾಲ್‌ನಲ್ಲಿ ನಾಗರಿಕರನ್ನು ಕಾಪಾಡುವ ವಿಧಿಗಳನ್ನು ನಾವು ಪಾಲಿಸುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಅದರಲ್ಲಿ 51ನೇ ವಿಧಿಯೂ ಸೇರಿತ್ತು. ನಾಗರಿಕರಲ್ಲಿ ಭಯ ಬಿತ್ತುವುದೇ ಮುಖ್ಯ ಉದ್ದೇಶವಾದ ಹಿಂಸೆಯನ್ನು ನಿಷೇಧಿಸುವ ವಿಧಿ ಅದು.

ಸಹಿ ಹಾಕಿದ ಮೇಲೂ ಶೆಲ್ ಬೀಳುವುದು ನಿಲ್ಲಲಿಲ್ಲ. ಮೂರು ವರ್ಷಕ್ಕೂ ಜಾಸ್ತಿ ಅದೇ ನಡೆಯಿತು. ಆ ಹೊತ್ತಿಗೆ ಯಾರಾದರೂ ನನ್ನನ್ನು ಕೇಳಿದ್ದರೆ ಆ ಕಾಗದಕ್ಕೆ ಬೆಲೆಯೇ ಇಲ್ಲ ಎಂದು ನಾನೂ ಹೇಳುತ್ತಿದ್ದೆನೇನೋ.

1992ರ ಸೆಪ್ಟೆಂಬರ್‌ನಿಂದ 1994ರ ಆಗಸ್ಟ್‌ವರೆಗೆ ಸರಾಯೆವೊ ಸುತ್ತಲಿನ ಸರ್ಬ್ ಸೇನೆಯ ದಂಡನಾಯಕ ಸ್ಟಾನಿಸ್ಲಾವ್ ಗಾಲಿಚ್. ಬೋಸ್ನಿಯಾ ಸೇರಿದಂತೆ ಹಳೆಯ ಯುಗೊಸ್ಲಾವಿಯಾದಲ್ಲಿ ನಡೆದ ಯುದ್ಧಾಪರಾಧಗಳಿಗಾಗಿ ವಿಶ್ವಸಂಸ್ಥೆ ಹೇಗ್ ನಗರದಲ್ಲಿ ಕಟ್ಟಿದ್ದ ನ್ಯಾಯಮಂಡಳಿ ಅವನ ವಿಚಾರಣೆ ನಡೆಸಿತು. ಭಯ ಬಿತ್ತುವುದು ಅಪರಾಧ ಎಂದು ಆಗ ಎಲ್ಲೂ ಇರಲಿಲ್ಲ, ಆದ್ದರಿಂದ ಶಿಕ್ಷೆ ಕೊಡಲು ಬರುವುದಿಲ್ಲ ಎಂದು ಅವನ ವಕೀಲರು ವಾದಿಸಿದರು. ಲೀಬ್‌ಗೆ ಸಿಕ್ಕಿದ ದಾರಿಯನ್ನೇ ಇವರೂ ಹುಡುಕಿದರು. ಆದರೆ ಈ ಸಲ ಅಲ್ಲಿ ಒಂದು ಕಾಗದ ಇತ್ತು. ಮೇ 22ರ ಒಪ್ಪಂದದಿಂದ 51ನೇ ವಿಧಿ ಎಲ್ಲರಿಗೂ ಅನ್ವಯ ಆಗಿತ್ತು ಎಂದು ಬಹುಮತದ ನ್ಯಾಯಾಧೀಶರು ಹೇಳಿದರು. 2003ರ ಡಿಸೆಂಬರ್ 5ರಂದು 20 ವರ್ಷ ಶಿಕ್ಷೆ ಕೊಟ್ಟರು. ಈ ಅಪರಾಧಕ್ಕೆ ಅಂತಾರಾಷ್ಟ್ರೀಯ ನ್ಯಾಯಮಂಡಳಿಯೊಂದು ಕೊಟ್ಟ ಮೊದಲ ಶಿಕ್ಷೆ ಅದು. ಗಾಲಿಚ್ ಮೇಲ್ಮನವಿ ಹಾಕಿದ, ಪ್ರಾಸಿಕ್ಯೂಷನ್‌ನವರೂ ಹಾಕಿದರು. 2006ರ ನವೆಂಬರ್ 30ರಂದು ಶಿಕ್ಷೆ ಇಳಿಯಲಿಲ್ಲ, ಜೀವಾವಧಿಗೆ ಏರಿತು. ಒಪ್ಪಂದ ಬದಿಗಿಟ್ಟರೂ ಇದು ರೂಢಿಯ ಕಾನೂನಿನಲ್ಲೇ, ಅಂದರೆ ದೇಶಗಳು ಪಾಲಿಸುತ್ತಾ ಬಂದು ಎಲ್ಲರಿಗೂ ಕಾನೂನಾಗಿಬಿಟ್ಟ ರೂಢಿಯಲ್ಲೇ, ಅಪರಾಧ ಎಂದು ಮೇಲ್ಮನವಿ ಪೀಠ ಹೇಳಿತು. ಅವನ ನಂತರ ಬಂದ ದಂಡನಾಯಕ ಡ್ರಾಗೊಮಿರ್ ಮಿಲೊಶೆವಿಚ್‌ಗೆ 29 ವರ್ಷ ಆಯಿತು. ಬೋಸ್ನಿಯನ್ ಸರ್ಬರ ರಾಜಕೀಯ ನಾಯಕ ಕರಾಜಿಚ್, ಸೇನಾ ಮುಖ್ಯಸ್ಥ ಮ್ಲಾದಿಚ್ ಇಬ್ಬರಿಗೂ ಜೀವಾವಧಿ ಆಯಿತು. ಅವರ ಅಪರಾಧಗಳ ಪಟ್ಟಿಯಲ್ಲಿ ಸರಾಯೆವೊ ಜನರಲ್ಲಿ ಭಯ ಬಿತ್ತಿದ್ದೂ ಇದೆ.

"ಒಳಗೆ ಸೈನಿಕರು ಇದ್ದರೆ?" ಎನ್ನುವ ನಿಮ್ಮ ಪ್ರಶ್ನೆಗೆ ಈ ತೀರ್ಪಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಗಾಲಿಚ್ ಪರ ವಕೀಲರು ಹೇಳಿದ್ದೂ ಅದೇ. ಊರಿನ ತುಂಬ ಬೋಸ್ನಿಯಾ ಸರ್ಕಾರದ ಸೇನೆ ಇತ್ತು, ನಾವು ಹೊಡೆದದ್ದು ಅವರಿಗೆ ಎಂದರು. ಸೇನೆ ಇದ್ದದ್ದು ನಿಜ. ಕೊಶೆವೊ ಆಸ್ಪತ್ರೆಯ ಕಡೆಯಿಂದ ಕೆಲವು ಸಲ ಬೋಸ್ನಿಯಾ ಸೇನೆ ಮಾರ್ಟರ್ ಹಾರಿಸಿದ್ದನ್ನೂ ನ್ಯಾಯಾಧೀಶರು ಮುಚ್ಚಿಡಲಿಲ್ಲ.

1993ರ ಜೂನ್ 1ರಂದು ದೊಬ್ರಿನ್ಯಾ ಬಡಾವಣೆಯಲ್ಲಿ ಒಂದು ಫುಟ್‌ಬಾಲ್ ಪಂದ್ಯ ಇತ್ತು. ಸುತ್ತ ಕಟ್ಟಡಗಳ ಮರೆ ಇದೆ, ಸುರಕ್ಷಿತ ಎಂದು ಜನ ಒಂದು ಪಾರ್ಕಿಂಗ್ ಜಾಗದಲ್ಲಿ ಆಡುತ್ತಿದ್ದರು. ಸುಮಾರು 200 ಜನ ಸೇರಿದ್ದರು. ಎರಡು ಶೆಲ್ ಬಿದ್ದವು. ಆ ಗುಂಪಿನಲ್ಲಿ ಸೈನಿಕರೂ ಸಾಕಷ್ಟು ಸಂಖ್ಯೆಯಲ್ಲಿ ಇದ್ದರು. ಇದನ್ನು ನ್ಯಾಯಾಧೀಶರು ಒಪ್ಪಿದರು. ಆದರೂ, ಇಷ್ಟೊಂದು ಮಕ್ಕಳಿರುವ 200 ಜನರ ಗುಂಪಿನ ಮೇಲೆ ದಾಳಿ ಮಾಡಿದರೆ ಸಿಗುವ ಸೈನಿಕ ಲಾಭಕ್ಕಿಂತ ಜನರಿಗೆ ಆಗುವ ಹಾನಿ ಸ್ಪಷ್ಟವಾಗಿ ಅತಿ ಎಂದು ಬಹುಮತದವರು ಬರೆದರು. ಕಾನೂನಿನಲ್ಲಿ ಇದಕ್ಕೆ ಅನುಪಾತದ ನಿಯಮ ಅಂತಾರೆ. ಗುರಿ ಸರಿಯಾದದ್ದೇ ಇರಬಹುದು. ಆದರೂ ಪಕ್ಕದಲ್ಲಿ ಸಾಯುವವರ ಲೆಕ್ಕ ಮೊದಲೇ ಹಾಕಬೇಕು. ಲೆಕ್ಕ ಮಿತಿ ಮೀರಿದರೆ ಬಂದೂಕು ಇಳಿಸಬೇಕು.

ಇದರ ಜೊತೆ ಮೊದಲ ಪ್ರೋಟೋಕಾಲ್‌ನ 50ನೇ ವಿಧಿಯ ಎರಡು ಮಾತು ನೆನಪಿಡಿ. ಒಬ್ಬ ಮನುಷ್ಯ ಸೈನಿಕನೋ ನಾಗರಿಕನೋ ಎಂದು ಅನುಮಾನ ಇದ್ದರೆ ಅವನನ್ನು ನಾಗರಿಕ ಎಂದೇ ತಿಳಿಯಬೇಕು. ಜನರ ನಡುವೆ ಕೆಲವು ಸೈನಿಕರು ಸೇರಿಕೊಂಡರೆ ಇಡೀ ಜನ ಸೈನ್ಯ ಆಗಿಬಿಡುವುದಿಲ್ಲ.

ಹಾಗಾದರೆ ಜನರ ಹಿಂದೆ ಅಡಗಿದವನಿಗೆ ಏನೂ ಇಲ್ಲವಾ? ಇದೆ. ಜನರನ್ನು ಗುರಾಣಿ ಮಾಡಿಕೊಳ್ಳುವುದೂ ಯುದ್ಧಾಪರಾಧ. ಜನವಸತಿಯ ಪಕ್ಕ ಶಸ್ತ್ರಾಸ್ತ್ರ ಇಡುವುದನ್ನು ಆದಷ್ಟು ತಪ್ಪಿಸಬೇಕು ಎಂದು 58ನೇ ವಿಧಿ ರಕ್ಷಣೆಯಲ್ಲಿರುವ ಸೇನೆಗೂ ಹೇಳುತ್ತದೆ. ಆದರೆ ಅವನ ತಪ್ಪು ಅವನ ಖಾತೆಗೆ, ಇವನ ತಪ್ಪು ಇವನ ಖಾತೆಗೆ. ಒಂದನ್ನು ತೋರಿಸಿ ಇನ್ನೊಂದನ್ನು ವಜಾ ಮಾಡಲು ಬರುವುದಿಲ್ಲ. ಒಂದು ಕಡೆಯವರು ನಿಯಮ ಮುರಿದರೂ ಇನ್ನೊಂದು ಕಡೆಯ ಕರ್ತವ್ಯ ಹಾಗೇ ಇರುತ್ತದೆ ಎಂದು 51ನೇ ವಿಧಿಯ ಕೊನೆಯ ಸಾಲು ಬಿಡಿಸಿ ಹೇಳುತ್ತದೆ. ನಾಲ್ಕೂ ಜಿನೀವಾ ಒಪ್ಪಂದಗಳ ಮೊದಲ ವಿಧಿಯಲ್ಲೂ "ಎಲ್ಲ ಸಂದರ್ಭಗಳಲ್ಲೂ" ಎಂಬ ಮಾತಿದೆ. ಇದು ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ ಅಲ್ಲ. ಟಿವಿ ಚರ್ಚೆಗಳಲ್ಲಿ "ಅವರು ಮಾಡಿದ್ದಕ್ಕೇ ಇವರು ಮಾಡಿದರು" ಎನ್ನುವ ಮಾತು ಕೇಳಿದಾಗ ಈ ಸಾಲು ನೆನಪಿಸಿಕೊಳ್ಳಿ. ಇಡೀ ಕಾನೂನಿನ ಬೆನ್ನುಮೂಳೆ ಇದು ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಲೇಬೇಕು. ಗಾಲಿಚ್‌ಗೆ ಶಿಕ್ಷೆ ಆದದ್ದು ಗುಂಡಿಗೆ, ಶೆಲ್ಲಿಗೆ. ಹಸಿವಿಗೆ ಅಲ್ಲ. ಉಪವಾಸ ಕೆಡವಿದ್ದು ಪ್ರತ್ಯೇಕ ಅಪರಾಧವಾಗಿ ಆರೋಪಪಟ್ಟಿಯಲ್ಲೇ ಇರಲಿಲ್ಲ. ಸರಾಯೆವೊ ಬದುಕಿದ್ದು 1992ರ ಜುಲೈನಿಂದ 1996ರ ಜನವರಿಯವರೆಗೆ ವಿಮಾನದಲ್ಲಿ ಬಂದ ಸುಮಾರು 1,60,000 ಟನ್ ನೆರವಿನಿಂದ, ಮತ್ತು 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ತೋಡಿದ ಸುರಂಗದಿಂದ.

ಹಸಿವಿನ ಅಪರಾಧ 1998ರ ರೋಮ್ ಶಾಸನದಲ್ಲಿ ಬಂತು. ಅದು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಕಟ್ಟಿದ ಒಪ್ಪಂದ. ಅಲ್ಲೂ ಒಂದು ತೂತು ಉಳಿಯಿತು. ದೇಶ ದೇಶಗಳ ಯುದ್ಧದಲ್ಲಿ ಉಪವಾಸ ಕೆಡವಿದರೆ ಅಪರಾಧ ಎಂದು ಬರೆದರು, ಒಳಯುದ್ಧದ ಪಟ್ಟಿಯಲ್ಲಿ ಅದನ್ನು ಸೇರಿಸಲಿಲ್ಲ. ಇವತ್ತಿನ ಮುತ್ತಿಗೆಗಳಲ್ಲಿ ಎಷ್ಟೋ ಒಳಯುದ್ಧದವೇ ಅಲ್ವಾ? ಸ್ವಿಟ್ಜರ್ಲೆಂಡ್ ಮುಂದೆ ನಿಂತು 2019ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಮಾಡಿಸಿತು. ಆದರೆ ಆ ತಿದ್ದುಪಡಿ ಅನ್ವಯ ಆಗುವುದು ಅದನ್ನು ಒಪ್ಪಿದ ದೇಶಗಳಿಗೆ ಮಾತ್ರ.

ಸಾಬೀತು ಮಾಡುವುದೂ ಕಷ್ಟ. ಶೆಲ್ ಬಿದ್ದರೆ ಗುಂಡಿ ಇರುತ್ತದೆ, ಲೋಹದ ಚೂರು ಇರುತ್ತದೆ, ಯಾವ ದಿಕ್ಕಿನಿಂದ ಬಂತು ಎಂದು ಅಳೆಯಬಹುದು. ಹಸಿವಿಗೆ ಗುಂಡಿ ಇಲ್ಲ. ಒಂದು ಮಗು ಭೇದಿಯಿಂದ ಸಾಯುತ್ತದೆ, ಇನ್ನೊಂದು ಜ್ವರದಿಂದ. ದಂಡನಾಯಕ "ನಾನು ಸೇನೆಯ ದಾರಿ ಮುಚ್ಚಿದೆ, ಜನರಿಗೆ ತೊಂದರೆ ಆದದ್ದು ನನ್ನ ಉದ್ದೇಶ ಅಲ್ಲ" ಅನ್ನುತ್ತಾನೆ. ಉದ್ದೇಶ ತೋರಿಸಲು ಆದೇಶಪತ್ರ, ತಡೆದ ಲಾರಿಗಳ ದಾಖಲೆ, ಅಧಿಕಾರಿಗಳ ಭಾಷಣ, ಎಲ್ಲ ಕೂಡಿಸಬೇಕು.

ಉಪವಾಸವನ್ನು ಯುದ್ಧದ ವಿಧಾನ ಮಾಡಿಕೊಂಡ ಆರೋಪದ ಮೇಲೆ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರ ನವೆಂಬರ್ 21ರಂದು ಗಾಜಾಕ್ಕೆ ಸಂಬಂಧಿಸಿ ಬಂಧನ ವಾರಂಟ್ ಹೊರಡಿಸಿತು. ಇಸ್ರೇಲ್ ಪ್ರಧಾನಿ ನೆತನ್ಯಾಹು ಮತ್ತು ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ವಿರುದ್ಧ. ಅದೇ ದಿನ ಹಮಾಸ್‌ನ ಮೊಹಮ್ಮದ್ ದೈಫ್ ವಿರುದ್ಧವೂ ವಾರಂಟ್ ಬಂತು. ಅದರಲ್ಲಿ ಒತ್ತೆಯಾಳು ಹಿಡಿದ ಆರೋಪವೂ ಇತ್ತು. ಅವನು ಸತ್ತದ್ದು ಖಚಿತವಾದ ಮೇಲೆ ಆ ಪ್ರಕರಣ ಮುಗಿಯಿತು. ವಾರಂಟ್ ಅಂದರೆ ತೀರ್ಪಲ್ಲ. ಇಸ್ರೇಲ್ ಆರೋಪವನ್ನೂ ನ್ಯಾಯಾಲಯದ ಅಧಿಕಾರವನ್ನೂ ಒಪ್ಪುವುದಿಲ್ಲ. ಈ ಅಪರಾಧಕ್ಕೆ ಆ ನ್ಯಾಯಾಲಯದಲ್ಲಿ ಇನ್ನೂ ಯಾರಿಗೂ ಶಿಕ್ಷೆ ಆಗಿಲ್ಲ.

ಸುಡಾನ್‌ನ ಎಲ್ ಫಾಶರ್ ಊರನ್ನೂ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅದರ ಬಗ್ಗೆ ನಮ್ಮಲ್ಲಿ ಸುದ್ದಿಯೇ ಕಡಿಮೆ. ಅರೆಸೇನಾ ಪಡೆಯೊಂದು 2024ರಲ್ಲಿ ಆ ಊರಿಗೆ ಮುತ್ತಿಗೆ ಹಾಕಿತು. ಮುತ್ತಿಗೆ ನಿಲ್ಲಿಸಿ ಎಂದು ಆ ವರ್ಷದ ಜೂನ್ 13ರಂದು ಭದ್ರತಾ ಮಂಡಳಿ ನಿರ್ಣಯ 2736ರಲ್ಲಿ ಹೆಸರು ಹಿಡಿದೇ ಕೇಳಿತು. ನಿಲ್ಲಲಿಲ್ಲ. ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಆಗಸ್ಟ್ ಹೊತ್ತಿಗೆ ಕ್ಷಾಮ ಎಂದು ಪರಿಣತರು ಘೋಷಿಸಿದರು. 2025ರ ಅಕ್ಟೋಬರ್ ಕೊನೆಗೆ ಊರು ಆ ಪಡೆಯ ಕೈಗೆ ಬಿತ್ತು. ಆದರೆ ಈ ಊರು ಇರುವ ಡಾರ್ಫುರ್ ಪ್ರದೇಶದ ಮೇಲೆ 2005ರಿಂದಲೂ ಆ ನ್ಯಾಯಾಲಯಕ್ಕೆ ಅಧಿಕಾರ ಇದೆ. 20 ವರ್ಷ ಹಿಂದಿನ ಡಾರ್ಫುರ್ ಅಪರಾಧಗಳಿಗೆ ಅಲಿ ಕುಶೈಬ್ ಎಂಬ ಸೇನಾಗುಂಪಿನ ನಾಯಕ ತಪ್ಪಿತಸ್ಥ ಎಂದು ತೀರ್ಪು ಬಂದದ್ದೂ ಅದೇ ಅಕ್ಟೋಬರ್ ತಿಂಗಳಲ್ಲಿ.

ಭಾರತದ ವಿಷಯ. ನಾಲ್ಕು ಜಿನೀವಾ ಒಪ್ಪಂದಗಳಿಗೆ ನಾವು 1950ರಲ್ಲೇ ಒಪ್ಪಿದ್ದೇವೆ. ಅವುಗಳಿಗಾಗಿ 1960ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಒಪ್ಪಂದದಿಂದ ರಕ್ಷಣೆ ಇರುವವರನ್ನು ಬೇಕೆಂದೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ, ಉಳಿದ ಗಂಭೀರ ಉಲ್ಲಂಘನೆಗೆ 14 ವರ್ಷದವರೆಗೆ ಸೆರೆ. ಆದರೆ ಸರ್ಕಾರ ದೂರು ಕೊಡದೆ ಕೋರ್ಟು ಕೇಸು ತೆಗೆದುಕೊಳ್ಳುವಂತಿಲ್ಲ. ನಮ್ಮ ಪಕ್ಕದ ಗೋವಾದ ಒಬ್ಬ ಪಾದ್ರಿ ಈ ಕಾಯ್ದೆ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡಿದ್ದ ಅವರಿಗೆ ದೇಶ ಬಿಡಲು ಹೇಳಿದ್ದರು. ನಾಲ್ಕನೇ ಒಪ್ಪಂದದ ರಕ್ಷಣೆ ನನಗಿದೆ ಎಂದು ಅವರು ವಾದಿಸಿದರು. ಈ ಕಾಯ್ದೆ ತಪ್ಪು ಮಾಡಿದವರನ್ನು ಶಿಕ್ಷಿಸಲು ಇದೆ, ಅದರಿಂದ ಯಾರಿಗೂ ನೇರ ಹಕ್ಕು ಹುಟ್ಟುವುದಿಲ್ಲ, ಗೋವಾ ಭಾರತಕ್ಕೆ ಸೇರಿದ ಮೇಲೆ ಅಲ್ಲಿ ಆಕ್ರಮಣದ ಸ್ಥಿತಿಯೂ ಇಲ್ಲ ಎಂದು 1969ರಲ್ಲಿ ಕೋರ್ಟು ಹೇಳಿತು.

1977ರ ಪ್ರೋಟೋಕಾಲ್‌ಗಳಿಗೆ ಭಾರತ ಸೇರಿಲ್ಲ. ರೋಮ್ ಶಾಸನಕ್ಕೂ ಸೇರಿಲ್ಲ. ಹಾಗೆಂದು 54ನೇ ವಿಧಿಯ ಮೊದಲ ಸಾಲು ನಮಗೆ ಅನ್ವಯಿಸುವುದಿಲ್ಲ ಎಂದಲ್ಲ. ಉಪವಾಸದ ನಿಷೇಧ ಈಗ ರೂಢಿಯ ಕಾನೂನಾಗಿದೆ ಎಂದು ರೆಡ್ ಕ್ರಾಸ್‌ನ ಅಧ್ಯಯನ ಹೇಳುತ್ತದೆ. ರೂಢಿಯ ಕಾನೂನಿಗೆ ಸಹಿ ಬೇಕಿಲ್ಲ. ಮೊದಲ ಪ್ರೋಟೋಕಾಲ್‌ಗೆ 170ಕ್ಕೂ ಜಾಸ್ತಿ ದೇಶಗಳು ಸೇರಿವೆ. ಆ ಸಾಲಿನಲ್ಲಿ ನಮ್ಮ ದೇಶವೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆ ಸಮ್ಮೇಳನದಲ್ಲಿ ಕೂತು ಚರ್ಚೆ ಮಾಡಿದವರಲ್ಲಿ ನಾವೂ ಇದ್ದೆವು.

ನೀವು ಇದನ್ನು ಇನ್ನೂ ಓದಬೇಕು ಎಂದಿದ್ದರೆ 159 ವಿಧಿಗಳ ಒಪ್ಪಂದದಿಂದ ಶುರು ಮಾಡಬೇಡಿ, ದಣಿದುಬಿಡುತ್ತೀರಿ. ರೆಡ್ ಕ್ರಾಸ್‌ನ ಜಾಲತಾಣದಲ್ಲಿ ಎಲ್ಲ ಪಠ್ಯಗಳೂ ಉಚಿತವಾಗಿ ಸಿಗುತ್ತವೆ. ನಾಲ್ಕೂ ಒಪ್ಪಂದಗಳಿಗೆ ಸಮಾನವಾದ 3ನೇ ವಿಧಿ ಓದಿ, ಒಂದು ಪುಟವೂ ಇಲ್ಲ. ಆಮೇಲೆ ಮೊದಲ ಪ್ರೋಟೋಕಾಲ್‌ನ 48ರಿಂದ 58ರವರೆಗಿನ ಹನ್ನೊಂದು ವಿಧಿ. ಒಂದು ಸಂಜೆ ಸಾಕು. ನಂತರ ಗಾಲಿಚ್ ತೀರ್ಪಿನಲ್ಲಿ ದೊಬ್ರಿನ್ಯಾ ಪಂದ್ಯದ ಭಾಗ ತೆಗೆಯಿರಿ. ಬಹುಮತದ ಮಾತು ಓದಿದ ಮೇಲೆ ಕೊನೆಯಲ್ಲಿರುವ ನ್ಯಾಯಾಧೀಶ ನಿಯೆಟೊ ನಾವಿಯಾ ಅವರ ಭಿನ್ನ ತೀರ್ಪನ್ನೂ ಬಿಡದೆ ಓದಿ. ಅವರು ಯಾಕೆ ಒಪ್ಪಲಿಲ್ಲ ಎಂದು ನಿಮ್ಮ ಮಾತಿನಲ್ಲಿ ಒಂದು ಪುಟ ಬರೆದು ಕಳಿಸಿ, ನಾನು ಓದುತ್ತೇನೆ.